60 ದಿನಗಳ ನೋಟಿಸು ಬಂದಿದೆ: ಮನೆ ಉಳಿಸಿಕೊಳ್ಳಲು ಏನು ಮಾಡಬೇಕು?

ಪ್ರಶ್ನೆ: ತುಮಕೂರಿನಲ್ಲಿ ನಮ್ಮದೊಂದು ಸಣ್ಣ ಮನೆಯಿದೆ. ಆರು ವರ್ಷಗಳ ಹಿಂದೆ ನಾನು ಮತ್ತು ನನ್ನ ಪತಿ ಜಂಟಿಯಾಗಿ ಬ್ಯಾಂಕಿನಿಂದ 25 ಲಕ್ಷ ರೂಪಾಯಿ ಗೃಹಸಾಲ ಪಡೆದು ಕಟ್ಟಿಸಿದೆವು. ಅವಧಿ 20 ವರ್ಷ, ತಿಂಗಳ ಕಂತು ಸುಮಾರು 22,500 ರೂಪಾಯಿ. ಪತಿ 12 ವರ್ಷ ದುಡಿದ ಕಾರ್ಖಾನೆ ಮುಚ್ಚಿಹೋದ ಮೇಲೆ ಐದು ಕಂತು ಕಟ್ಟಲಾಗಲಿಲ್ಲ. ಈಗ ಅವರು ಬಾಡಿಗೆ ಆಟೋ ಓಡಿಸುತ್ತಿದ್ದಾರೆ, ನಾನು ಖಾಸಗಿ ಶಾಲೆಯಲ್ಲಿ ಶಿಕ್ಷಕಿ. 22 ಲಕ್ಷದ 70 ಸಾವಿರ ರೂಪಾಯಿಯನ್ನು 60 ದಿನಗಳೊಳಗೆ ಪೂರ್ತಿ ಕಟ್ಟಬೇಕೆಂದು 18 ದಿನಗಳ ಹಿಂದೆ ನೋಟಿಸು ಬಂದಿದೆ. ಅವಧಿ ಮುಗಿದ ಮರುದಿನವೇ ನಮ್ಮನ್ನು ಹೊರಹಾಕುತ್ತಾರೆಯೇ? ಪರಿಚಿತರೊಬ್ಬರು 80,000 ರೂಪಾಯಿ ಕೊಟ್ಟರೆ ಕೋರ್ಟಿನಿಂದ ಸ್ಟೇ ತರಿಸುತ್ತೇನೆ ಎನ್ನುತ್ತಿದ್ದಾರೆ, ಕೊಡಬಹುದೇ? ಅಥವಾ ಮನೆಯನ್ನು ನಾವೇ ಮಾರಿಬಿಡುವುದು ಮೇಲೇ?

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. 61ನೆಯ ದಿನ ಯಾರೂ ಬಂದು ನಿಮ್ಮ ಪಾತ್ರೆ ಪಡಗಗಳನ್ನು ಬೀದಿಗೆ ಹಾಕುವುದಿಲ್ಲ, ಹಾಕುವಂತೆಯೂ ಇಲ್ಲ. ನಿಮಗೆ ಬಂದಿರುವುದು, ಅಡಮಾನದ ಆಸ್ತಿಯನ್ನು ಬ್ಯಾಂಕು ಸಿವಿಲ್ ದಾವೆ ಹೂಡದೆಯೇ ವಶಪಡಿಸಿಕೊಂಡು ಮಾರಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯ 13(2)ನೆಯ ಸೆಕ್ಷನ್ನಿನ ಬೇಡಿಕೆ ನೋಟಿಸು. ಇದಾದ ಮೇಲೆ ಸ್ವಾಧೀನದ ನೋಟಿಸು, ಮ್ಯಾಜಿಸ್ಟ್ರೇಟರ ಆದೇಶ, ಮೌಲ್ಯಮಾಪನ, ಹರಾಜಿನ ಪ್ರಕಟಣೆ ಎಂಬ ಮೆಟ್ಟಿಲುಗಳಿದ್ದು, ಒಂದೊಂದಕ್ಕೂ ಅದರದೇ ದಿನಗಳ ಲೆಕ್ಕವಿದೆ. ಹಾಗೆಂದು ಇದನ್ನು ಓದಿ ಸಮಾಧಾನಪಟ್ಟು ಕೂರಬೇಡಿ. ಕೆಲವು ವರ್ಷ ಬ್ಯಾಂಕೊಂದರ ವಸೂಲಾತಿ ವಿಭಾಗದಲ್ಲಿದ್ದು, ಆಮೇಲೆ ಸಾಲಗಾರರ ಪರ ವಕೀಲಿ ಮಾಡುತ್ತಿರುವ ನಾನು ಎರಡೂ ಕಡೆಯಿಂದ ಕಂಡ ಸಂಗತಿ ಒಂದೇ: ಈ ಮೊದಲ 60 ದಿನಗಳಲ್ಲಿ ಒಂದೂವರೆ ಲಕ್ಷದಲ್ಲಿ ಮುಗಿಯಬಹುದಾದ ವಿಷಯ, ಹರಾಜಿನ ಪ್ರಕಟಣೆ ಬಂದ ಮೇಲೆ 23 ಲಕ್ಷ ತಂದಿಟ್ಟರೂ ಮುಗಿಯದೆ ಹೋಗಬಹುದು.

ಒಂದೂವರೆ ಲಕ್ಷ ಎಂದದ್ದೇಕೆಂದು ವಿವರಿಸುತ್ತೇನೆ, ಏಕೆಂದರೆ ನೋಟಿಸಿನಲ್ಲಿರುವ 22 ಲಕ್ಷದ 70 ಸಾವಿರ ಎಂಬ ಅಂಕಿ ನೋಡಿಯೇ ಹೆಚ್ಚಿನವರು ಕೈಚೆಲ್ಲುತ್ತಾರೆ. ಕಂತು ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಖಾತೆ, ಆಗುತ್ತದೆ. ಆಗ ಬ್ಯಾಂಕು ಇಡೀ ಸಾಲವನ್ನು ವಾಪಸು ಕೇಳಲು ಕಾನೂನಿನಲ್ಲಿ ಅವಕಾಶವಿದೆ, ನೋಟಿಸಿನಲ್ಲಿ ಆ ಪೂರ್ತಿ ಮೊತ್ತವನ್ನೇ ಬರೆಯುತ್ತಾರೆ. ಆದರೆ ಬಾಕಿ ಬಿದ್ದ ಅಸಲು ಮತ್ತು ಬಡ್ಡಿ ಪೂರ್ತಿಯಾಗಿ ಸಂದಾಯವಾದರೆ ಖಾತೆಯನ್ನು ಮತ್ತೆ ಸುಸ್ಥಿತಿಯ ಖಾತೆಯೆಂದು ಪರಿಗಣಿಸಬಹುದೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಹೇಳುತ್ತದೆ. 2021ರ ನವೆಂಬರ್ 12ರ ಸುತ್ತೋಲೆ ಇದನ್ನು ಇನ್ನಷ್ಟು ಸ್ಪಷ್ಟಗೊಳಿಸಿತು: ಬಾಕಿಯಲ್ಲಿ ಒಂದು ಭಾಗ ಕಟ್ಟಿದರೆ ಸಾಲದು, ಬಾಕಿಯಿರುವ ಅಷ್ಟೂ ಕಂತುಗಳು ತೀರಬೇಕು. ನಿಮ್ಮ ಲೆಕ್ಕದಲ್ಲಿ ಐದು ಕಂತೆಂದರೆ 1,12,500 ರೂಪಾಯಿ. ಈ ಗಡುವಿನೊಳಗೆ ಇನ್ನೊಂದು ಕಂತು ಬಂದರೆ 1,35,000, ಅದರ ಮೇಲೆ ದಂಡ ಶುಲ್ಕ ಮತ್ತು ನೋಟಿಸಿನ ಖರ್ಚು. ಆ ಹಣ ಕಟ್ಟಿದರೆ ನೋಟಿಸನ್ನು ಹಿಂಪಡೆಯಲೇಬೇಕೆಂಬ ಹಕ್ಕು ನಿಮಗೆ ಕಾಯ್ದೆಯಲ್ಲಿಲ್ಲ ಎಂಬುದನ್ನೂ ಮುಚ್ಚಿಡಲಾರೆ. ಆದರೂ ನಾನು ಕಂಡಂತೆ, ಮನೆಯಲ್ಲಿ ತಾವೇ ವಾಸವಿರುವ, ಐದು ವರ್ಷಕ್ಕೂ ಹೆಚ್ಚು ಕಾಲ ತಪ್ಪದೆ ಕಂತು ಕಟ್ಟಿದ ಸಾಲಗಾರರು ಪೂರ್ತಿ ಬಾಕಿ ತೀರಿಸಿದರೆ ಬ್ಯಾಂಕುಗಳು ಹರಾಜಿನ ಹಾದಿ ಹಿಡಿಯುವುದಿಲ್ಲ. ಹಣ ಕಟ್ಟುವ ಮೊದಲು ‘ಇಷ್ಟು ಮೊತ್ತ ಬಂದರೆ ಖಾತೆಯನ್ನು ಸರಿಪಡಿಸಿ 13(2) ನೋಟಿಸಿನ ಮುಂದಿನ ಕ್ರಮ ಕೈಬಿಡುತ್ತೇವೆ’ ಎಂದು ಶಾಖೆಯಿಂದ ಪತ್ರ ಅಥವಾ ಇಮೇಲ್ ಪಡೆಯಿರಿ. ಬಾಯಿಮಾತನ್ನು ನೆಚ್ಚಿ ಕಟ್ಟಬೇಡಿ.

ಆ ಹಣ ಎಲ್ಲಿಂದ ಬರಬೇಕು ಎಂದು ನೀವು ಕೇಳುವಿರಿ. ನಿಮ್ಮ ಪತ್ರದಲ್ಲಿ ಪತಿಯ 12 ವರ್ಷಗಳ ಸೇವೆಯ ಮಾತಿದೆ, ಗ್ರಾಚ್ಯುಟಿಯ ಮಾತಿಲ್ಲ. ಐದು ವರ್ಷಕ್ಕಿಂತ ಹೆಚ್ಚು ಸೇವೆ ಸಲ್ಲಿಸಿದವರಿಗೆ ಪ್ರತಿ ವರ್ಷಕ್ಕೆ 15 ದಿನಗಳ ವೇತನದ ಲೆಕ್ಕದಲ್ಲಿ ಗ್ರಾಚ್ಯುಟಿ ಸಲ್ಲಬೇಕು. ತಿಂಗಳನ್ನು 26 ದಿನವೆಂದು ಎಣಿಸುತ್ತಾರೆ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 18,000 ರೂಪಾಯಿ ಇತ್ತೆಂದು ಇಟ್ಟುಕೊಂಡರೂ 12 ವರ್ಷಕ್ಕೆ ಸುಮಾರು 1,24,600 ರೂಪಾಯಿ ಆಗುತ್ತದೆ. ನಿಮ್ಮ ಕಂತಿನ ಬಾಕಿ ಹೆಚ್ಚುಕಡಿಮೆ ಅಷ್ಟೇ ಇದೆ! ಕಾರ್ಖಾನೆಯ ಮಾಲೀಕರು ಕೊಡದಿದ್ದರೆ ಕಾರ್ಮಿಕ ಇಲಾಖೆಯಲ್ಲಿ ಅರ್ಜಿ ಹಾಕಬೇಕು; ಅದು 60 ದಿನಗಳಲ್ಲಿ ಇತ್ಯರ್ಥವಾಗದಿದ್ದರೂ, ಅರ್ಜಿಯ ಪ್ರತಿಯನ್ನು ಬ್ಯಾಂಕಿಗೆ ತೋರಿಸಿ ಬರಬೇಕಾದ ಹಣ ಇದೆಯೆಂದು ಸಾಬೀತು ಮಾಡಬಹುದು. ಅದಕ್ಕಿಂತ ಬೇಗ ಕೈಗೆ ಬರುವುದು ಭವಿಷ್ಯನಿಧಿ. ನೌಕರಿ ಹೋದವರು ಅದರ ಬಹುಭಾಗವನ್ನು ತೆಗೆಯಬಹುದು, ಅರ್ಜಿಯನ್ನು ಆನ್‌ಲೈನಿನಲ್ಲೇ ಹಾಕಬಹುದು. ಒಡವೆ ಅಡವಿಡುವುದನ್ನು ನಾನು ಸುಲಭವಾಗಿ ಸೂಚಿಸುವವನಲ್ಲ, ಆದರೆ ಪೂರ್ತಿ ಬಾಕಿ ಒಮ್ಮೆಗೇ ತೀರುವುದಾದರೆ ಮಾತ್ರ ಅದೂ ಒಂದು ದಾರಿ. ಅರ್ಧ ಬಾಕಿ ತೀರಿಸಲು ಒಡವೆ ಇಟ್ಟರೆ ಮನೆಯೂ ಅಪಾಯದಲ್ಲೇ ಉಳಿಯುತ್ತದೆ, ಒಡವೆಯೂ ಹೋಗುತ್ತದೆ. ವಾರಬಡ್ಡಿ, ಮೀಟರ್ ಬಡ್ಡಿಯ ಸಾಲ ತಂದು ಬ್ಯಾಂಕಿಗೆ ಕಟ್ಟುವ ಯೋಚನೆಯನ್ನಂತೂ ಮಾಡಬೇಡಿ.

ಹಣ ಹೊಂದಿಸುವಷ್ಟೇ ತುರ್ತಿನ ಕೆಲಸ, ನೋಟಿಸಿಗೆ ಲಿಖಿತ ಉತ್ತರ ಕೊಡುವುದು. ಕಾಯ್ದೆಯ 13(3ಎ) ಸೆಕ್ಷನ್ನಿನ ಪ್ರಕಾರ ನೀವು ಆಕ್ಷೇಪಣೆ ಅಥವಾ ಮನವಿ ಸಲ್ಲಿಸಿದರೆ ಬ್ಯಾಂಕು ಅದನ್ನು ಪರಿಶೀಲಿಸಿ, ಒಪ್ಪದಿದ್ದರೆ ಕಾರಣಗಳೊಂದಿಗೆ 15 ದಿನಗಳೊಳಗೆ ಉತ್ತರಿಸಲೇಬೇಕು. ಸಾಲಗಾರರ ಮಾತಿಗೆ ಕಾರಣಸಹಿತ ಉತ್ತರ ಸಿಗಬೇಕೆಂದು ಸುಪ್ರೀಂ ಕೋರ್ಟ್ 2004ರ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಹೇಳಿದ್ದರಿಂದ ಈ ಉಪಸೆಕ್ಷನ್ ಬಂತು. ಪತ್ರ ಎರಡು ಪುಟ ಮೀರಬೇಕಿಲ್ಲ. ನೋಟಿಸು ಕೈಗೆ ಬಂದ ದಿನಾಂಕ, ಈವರೆಗೆ ಕಟ್ಟಿದ ಕಂತುಗಳ ಸಂಖ್ಯೆ, ಕಾರ್ಖಾನೆ ಮುಚ್ಚಿದ ಸಂಗತಿ ಮತ್ತು ಅದರ ದಾಖಲೆ, ಈಗಿನ ಇಬ್ಬರ ಆದಾಯ, ಬಾಕಿಯನ್ನು ಯಾವ ದಿನಾಂಕದೊಳಗೆ ಹೇಗೆ ತೀರಿಸುವಿರಿ ಎಂಬ ಖಚಿತ ಪ್ರಸ್ತಾವ, ಇಷ್ಟಿರಲಿ. ಸಾಲದ ಖಾತೆಯ ಪೂರ್ಣ ವಿವರಪಟ್ಟಿಯನ್ನೂ ಕೇಳಿ, ಬಂದ ಮೇಲೆ ಸಾಲುಸಾಲಾಗಿ ನೋಡಿ. ಕಂತು ತಪ್ಪಿದ್ದಕ್ಕೆ ಬ್ಯಾಂಕುಗಳು ಈಗ ದಂಡ ಶುಲ್ಕ ಹಾಕಬಹುದೇ ಹೊರತು ದಂಡವನ್ನು ಬಡ್ಡಿಯ ರೂಪದಲ್ಲಿ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಬೆಳೆಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಆದೇಶಿಸಿದೆ. ಆ ಪಟ್ಟಿಯಲ್ಲಿ ಅಂಥ ಬಡ್ಡಿ ಕಂಡರೆ ನಿಮ್ಮ ಆಕ್ಷೇಪಣೆಗೆ ಅದೇ ಗಟ್ಟಿ ಆಧಾರ.

ಪತ್ರದ ಎರಡು ಪ್ರತಿ ಮಾಡಿ, ಒಂದನ್ನು ನೋಟಿಸಿಗೆ ಸಹಿ ಹಾಕಿದ ಅಧಿಕೃತ ಅಧಿಕಾರಿಯ ಹೆಸರಿಗೆ ಕೊಟ್ಟು, ಇನ್ನೊಂದರ ಮೇಲೆ ಶಾಖೆಯ ಮುದ್ರೆ, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ನೋಂದಾಯಿತ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಹಿರಿಯರೊಬ್ಬರು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲವೊಂದನ್ನು ನನ್ನ ಮೇಜಿನ ಮೇಲೆ ಬರಿದು ಮಾಡಿದರು. ಏಳು ಲಕೋಟೆಗಳಿದ್ದವು, ಒಂದನ್ನೂ ಒಡೆದಿರಲಿಲ್ಲ. ಒಡೆದರೆ ಕೆಟ್ಟ ಸುದ್ದಿ ಇರುತ್ತದೆಂದು ದೇವರ ಪಟದ ಹಿಂದೆ ಇಟ್ಟಿದ್ದರಂತೆ. ಮೊದಲನೆಯದು ನಿಮಗೆ ಬಂದಂಥದೇ ನೋಟಿಸು, ಏಳನೆಯದು ಹರಾಜಿನ ಸೂಚನೆ. ನಡುವೆ ಕಳೆದ ಹದಿಮೂರು ತಿಂಗಳಲ್ಲಿ ಅವರ ಕಡೆಯಿಂದ ಬ್ಯಾಂಕಿಗೆ ಒಂದು ಸಾಲೂ ಹೋಗಿರಲಿಲ್ಲ. ಅವರ ಮಗ ಊರಿನಲ್ಲಿ ಜಮೀನು ಮಾರಿ ಹಣ ತಂದಿದ್ದ. ಆದರೆ ಮನೆ ಅದಾಗಲೇ ಹರಾಜಿನಲ್ಲಿ ಕೈಬಿಟ್ಟಿತ್ತು.

ಬಾಕಿ ತೀರಿಸಿದ ಮೇಲೂ ತಿಂಗಳಿಗೆ 22,500 ರೂಪಾಯಿ ಕಟ್ಟುವುದು ಈಗಿನ ಆದಾಯದಲ್ಲಿ ಸಾಧ್ಯವೇ ಎಂದು ಪತಿಪತ್ನಿಯರಿಬ್ಬರೂ ಕೂತು ಪ್ರಾಮಾಣಿಕವಾಗಿ ಲೆಕ್ಕ ಹಾಕಬೇಕು. ಕಷ್ಟವೆನಿಸಿದರೆ ಸಾಲದ ಅವಧಿ ವಿಸ್ತರಿಸುವಂತೆ ಅದೇ ಪತ್ರದಲ್ಲಿ ಕೋರಿ. ಶೇ 9ರ ಬಡ್ಡಿದರದಲ್ಲಿ ಉಳಿದ 22.5 ಲಕ್ಷವನ್ನು 25 ವರ್ಷಕ್ಕೆ ಹರಡಿದರೆ ಕಂತು ಸುಮಾರು 18,900ಕ್ಕೆ ಇಳಿಯುತ್ತದೆ, 20 ವರ್ಷಕ್ಕಾದರೆ ಸುಮಾರು 20,250. ಒಟ್ಟು ಬಡ್ಡಿ ಗಣನೀಯವಾಗಿ ಹೆಚ್ಚುತ್ತದೆ ಎಂಬುದು ನಿಜ. ಆದರೆ ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಮುಂಚಿತವಾಗಿ ತೀರಿಸಿದರೆ ಶುಲ್ಕ ವಿಧಿಸುವಂತಿಲ್ಲವಾದ್ದರಿಂದ, ಕೈ ಕೂಡಿಬಂದಾಗ ಹೆಚ್ಚು ಕಟ್ಟಿ ಅವಧಿಯನ್ನು ಮತ್ತೆ ಮೊಟಕುಗೊಳಿಸಬಹುದು. ಎನ್‌ಪಿಎ ಸ್ಥಿತಿಯಲ್ಲಿರುವಾಗ ವಿಸ್ತರಣೆಗೆ ಬ್ಯಾಂಕು ಹಿಂಜರಿಯುತ್ತದೆ, ಬಾಕಿ ತೀರಿದ ಖಾತೆಗೆ ಬೇಗ ಒಪ್ಪುತ್ತದೆ.

ಈಗ ಸ್ಟೇ ತರಿಸುತ್ತೇನೆ ಎಂದವರ ವಿಷಯ. ಕೊಡಬೇಡಿ. ಇವತ್ತಿನ ಸ್ಥಿತಿಯಲ್ಲಿ ಅಂಥ ಸ್ಟೇ ಕೊಡಬೇಕಾದ ನ್ಯಾಯಾಲಯವೇ ಇಲ್ಲ. ಸಿವಿಲ್ ಕೋರ್ಟು ಈ ವಿಷಯಕ್ಕೆ ಕೈಹಾಕದಂತೆ ಕಾಯ್ದೆಯ 34ನೆಯ ಸೆಕ್ಷನ್ ತಡೆಯುತ್ತದೆ. ಸಾಲ ವಸೂಲಾತಿ ನ್ಯಾಯಮಂಡಳಿಯ, ಅಂದರೆ ಡಿಆರ್‌ಟಿಯ ಬಾಗಿಲು ತೆರೆಯುವುದು ಬ್ಯಾಂಕು 13(4)ರ ಕೆಳಗೆ ಸ್ವಾಧೀನದಂಥ ಕ್ರಮ ಕೈಗೊಂಡ ಮೇಲೆ, ಬೇಡಿಕೆ ನೋಟಿಸಿನ ಹಂತದಲ್ಲಲ್ಲ. ನೇರವಾಗಿ ಹೈಕೋರ್ಟಿಗೆ ರಿಟ್ ಹಾಕಿದವರನ್ನು ಮೊದಲು ಡಿಆರ್‌ಟಿಗೇ ಹೋಗಿ ಎಂದು ಕಳಿಸಬೇಕೆಂದು ಸುಪ್ರೀಂ ಕೋರ್ಟ್ 2010ರ ಸತ್ಯವತಿ ಟಂಡನ್ ಪ್ರಕರಣದಿಂದ ಹಿಡಿದು ಮತ್ತೆ ಮತ್ತೆ ಹೇಳುತ್ತ ಬಂದಿದೆ. ಮುಂದೆ ನಿಜವಾಗಿಯೂ ಡಿಆರ್‌ಟಿಗೆ ಹೋಗಬೇಕಾಗಿ ಬಂದರೂ ನಿಮ್ಮ ಮೊತ್ತದ ಸಾಲಕ್ಕೆ ನಿಯಮದಂತೆ ಬೀಳುವ ಅರ್ಜಿ ಶುಲ್ಕ 8,250 ರೂಪಾಯಿ, ವಕೀಲರ ಶುಲ್ಕ ಬೇರೆ. ಆ 80,000 ರೂಪಾಯಿ ನಿಮ್ಮಲ್ಲಿದ್ದರೆ ಅದು ಮೂರೂವರೆ ಕಂತು. ಸಾಲದ ಖಾತೆಗೆ ಹೋಗಬೇಕಾದ ಹಣ. ಮನೆ ಉಳಿಸಿಕೊಡುತ್ತೇನೆಂದು ಜಿಪಿಎಗೆ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಕೊಡುವ ಪತ್ರಕ್ಕೆ) ಅಥವಾ ಖಾಲಿ ಸ್ಟಾಂಪ್ ಕಾಗದಕ್ಕೆ ಸಹಿ ಕೇಳುವವರಿಂದಲೂ ದೂರವಿರಿ.

ಒಂದು ವೇಳೆ 60 ದಿನಗಳಲ್ಲಿ ಏನೂ ಕೂಡಿಬರದಿದ್ದರೆ ಮುಂದೇನಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಬ್ಯಾಂಕು ಸ್ವಾಧೀನದ ನೋಟಿಸನ್ನು ನಿಮ್ಮ ಬಾಗಿಲಿಗೆ ಅಂಟಿಸಿ, ಎರಡು ಪತ್ರಿಕೆಗಳಲ್ಲಿ, ಅವುಗಳಲ್ಲಿ ಒಂದು ಕನ್ನಡದ್ದು, ಪ್ರಕಟಿಸುತ್ತದೆ. ಇದು ಸಾಂಕೇತಿಕ ಸ್ವಾಧೀನ. ನೀವು ಮನೆಯಲ್ಲೇ ಇರುತ್ತೀರಿ. ಆದರೆ ಅಂದಿನಿಂದ 45 ದಿನಗಳೊಳಗೆ 17ನೆಯ ಸೆಕ್ಷನ್ನಿನ ಕೆಳಗೆ ಬೆಂಗಳೂರಿನ ಡಿಆರ್‌ಟಿಯಲ್ಲಿ ಅರ್ಜಿ ಹಾಕಬಹುದು, ಮನೆಯಿಂದ ಹೊರಹಾಕುವವರೆಗೆ ಕಾಯಬೇಕಿಲ್ಲ ಎಂದು 2018ರ ಹಿಂಡನ್ ಫೋರ್ಜ್ ತೀರ್ಪು ಸ್ಪಷ್ಟಪಡಿಸಿದೆ. ಅಲ್ಲಿ ‘ನಮಗೆ ಕಷ್ಟವಿದೆ’ ಎಂಬುದಷ್ಟೇ ಸಾಲದು. ನೋಟಿಸು ಸರಿಯಾಗಿ ತಲುಪಿರಲಿಲ್ಲ, ಮನವಿಗೆ ಉತ್ತರ ಬರಲಿಲ್ಲ, ಲೆಕ್ಕ ತಪ್ಪಿದೆ ಎಂಬಂಥ ಕಾನೂನಿನ ಲೋಪವನ್ನು ತೋರಿಸಬೇಕು. ಈಗ ನೀವು ಬರೆಯುವ ಪತ್ರ ಅಲ್ಲಿ ಕೆಲಸಕ್ಕೆ ಬರುತ್ತದೆ. ಡಿಆರ್‌ಟಿಯ ಆದೇಶದ ಮೇಲೆ ಚೆನ್ನೈನ ಮೇಲ್ಮನವಿ ಮಂಡಳಿಗೆ ಹೋಗುವುದಾದರೆ ಸಾಲದ ಅರ್ಧದಷ್ಟನ್ನು, ಮಂಡಳಿ ಕರುಣೆ ತೋರಿದರೆ ಕಾಲುಭಾಗವನ್ನು ಠೇವಣಿ ಇಡಬೇಕು. ನಿಮ್ಮಂಥವರಿಗೆ ಆ ಬಾಗಿಲು ಇದ್ದೂ ಇಲ್ಲದಂತೆ.

ಮನೆಯ ಭೌತಿಕ ಸ್ವಾಧೀನಕ್ಕೆ ಬ್ಯಾಂಕು 14ನೆಯ ಸೆಕ್ಷನ್ನಿನ ಕೆಳಗೆ ಅರ್ಜಿ ಹಾಕುತ್ತದೆ. ತುಮಕೂರಿನಂಥ ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರಾದ ಜಿಲ್ಲಾಧಿಕಾರಿಯ ಮುಂದೆ. ಕಾಯ್ದೆ ಅವರಿಗೆ 30 ದಿನ, ಹೆಚ್ಚೆಂದರೆ 60 ದಿನ ಕೊಟ್ಟಿದೆ. ಅದು ಮೀರಿದರೂ ಆದೇಶಕ್ಕೆ ಕುಂದಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಈ ವಿಳಂಬವನ್ನು ರಕ್ಷಣೆಯೆಂದು ನಂಬಬೇಡಿ, ಅಷ್ಟೂ ದಿನ ಬಡ್ಡಿ ಬೆಳೆಯುತ್ತಿರುತ್ತದೆ.

ಆಮೇಲೆ ಬರುವುದು ಎಲ್ಲಕ್ಕಿಂತ ಮುಖ್ಯವಾದ ದಿನಾಂಕ. 2016ರ ತಿದ್ದುಪಡಿಗೆ ಮೊದಲು ಹರಾಜಿನ ದಿನದವರೆಗೂ ಪೂರ್ತಿ ಸಾಲ ತೀರಿಸಿ ಆಸ್ತಿ ಬಿಡಿಸಿಕೊಳ್ಳುವ ಅವಕಾಶವಿತ್ತು. ಈಗಿನ 13(8)ನೆಯ ಸೆಕ್ಷನ್ನಿನಂತೆ ಹರಾಜಿನ ನೋಟಿಸು ಪ್ರಕಟವಾಗುವ ಮೊದಲೇ ಖರ್ಚುವೆಚ್ಚ ಸಹಿತ ಪೂರ್ತಿ ಬಾಕಿಯನ್ನು ಕೊಡಬೇಕು. ಪ್ರಕಟಣೆಯೊಂದಿಗೆ ಬಿಡಿಸಿಕೊಳ್ಳುವ ಹಕ್ಕು ಮುಗಿಯುತ್ತದೆ ಎಂದು 2023ರ ಸೆಪ್ಟೆಂಬರಿನಲ್ಲಿ ಬಾಫ್ನಾ ಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಮಾರಾಟಕ್ಕೆ ಮೊದಲು ನಿಮಗೆ 30 ದಿನಗಳ ಸೂಚನೆ ಕೊಡಬೇಕು, ಮಾನ್ಯ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ ಮೀಸಲು ಬೆಲೆ ನಿಗದಿ ಮಾಡಬೇಕು. ಇವೆರಡರಲ್ಲಿ ಲೋಪವಾಗಿದ್ದರೆ ಪ್ರಶ್ನಿಸಬಹುದು.

ಹಾಗಾಗಿ, ಮಾರಬೇಕೇ ಎಂಬ ನಿಮ್ಮ ಮೂರನೆಯ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಬಾಕಿ ತೀರಿಸಿ, ಇಳಿಸಿದ ಕಂತನ್ನು ಕಟ್ಟಲು ಇಬ್ಬರ ಆದಾಯ ಸಾಕಾಗುವುದಾದರೆ ಮಾರಬೇಡಿ. ಸಾಕಾಗದೆಂದು ಲೆಕ್ಕ ಹೇಳಿದರೆ, ಹರಾಜಿಗೆ ಬಿಡುವ ಬದಲು ನೀವೇ ಮಾರಿ, ಬೇಗ ಮಾರಿ. ಹರಾಜಿನ ಮನೆಯೆಂದರೆ ಕೊಳ್ಳುವವರು ಬೆಲೆ ಇಳಿಸಿಯೇ ಕೂಗುತ್ತಾರೆ, ಖರ್ಚೆಲ್ಲ ನಿಮ್ಮ ಲೆಕ್ಕಕ್ಕೆ ಬೀಳುತ್ತದೆ. ಹರಾಜಿನಲ್ಲಿ ಸಾಲಕ್ಕಿಂತ ಹೆಚ್ಚು ಬಂದರೆ ಮಿಕ್ಕಿದ್ದು ನಿಮ್ಮದು, ಕೇಳಿ ಪಡೆಯಬೇಕು. ಕಡಿಮೆ ಬಂದರೆ ಉಳಿದ ಬಾಕಿಗೆ ಬ್ಯಾಂಕು ಮತ್ತೆ ನಿಮ್ಮ ಬೆನ್ನುಹತ್ತಬಹುದು. ನೋಟಿಸು ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮನೆಯನ್ನು ಮಾರುವುದು, ಬಾಡಿಗೆಗೋ ಭೋಗ್ಯಕ್ಕೋ ಕೊಡುವುದು 13(13)ನೆಯ ಸೆಕ್ಷನ್ನಿನಂತೆ ನಿಷಿದ್ಧ. ಆದ್ದರಿಂದ ಮೊದಲು ಬ್ಯಾಂಕಿನಿಂದ ಒಪ್ಪಿಗೆ ಪತ್ರ, ಸಾಲ ಚುಕ್ತಾ ಮೊತ್ತದ ಪತ್ರ ಮತ್ತು ಅವರ ಬಳಿಯಿರುವ ಮೂಲ ದಾಖಲೆಗಳ ಪಟ್ಟಿ ಪಡೆಯಿರಿ. ಕೊಳ್ಳುವವರು ಸಾಲದಷ್ಟು ಹಣವನ್ನು ನೇರವಾಗಿ ಸಾಲದ ಖಾತೆಗೇ ಕಟ್ಟಲಿ, ಉಳಿದದ್ದನ್ನು ನಿಮಗೆ ಕೊಡಲಿ. ಸಾಲ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲ ದಾಖಲೆ ಮರಳಿಸಬೇಕು, ಅದರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅಡಮಾನದ ಬಿಡುಗಡೆ ನೋಂದಣಿಯಾಗಿ, ಕಾವೇರಿ ತಂತ್ರಾಂಶದಲ್ಲಿ ತೆಗೆದ ಋಣಭಾರ ಪತ್ರದಲ್ಲಿ ಅದು ಕಾಣುವವರೆಗೆ ಕೆಲಸ ಮುಗಿದಿಲ್ಲವೆಂದೇ ತಿಳಿಯಿರಿ.

ಒನ್ ಟೈಮ್ ಸೆಟ್ಲ್‌ಮೆಂಟ್, ಅಂದರೆ ಸ್ವಲ್ಪ ಕಡಿಮೆ ಮೊತ್ತ ಒಮ್ಮೆಗೇ ಕಟ್ಟಿ ಸಾಲ ಮುಗಿಸುವ ರಾಜಿ, ಕೇಳಿ ಎಂದು ಯಾರಾದರೂ ಸಲಹೆ ಕೊಡಬಹುದು. ಅದು ಬ್ಯಾಂಕಿನ ವಿವೇಚನೆಗೆ ಬಿಟ್ಟದ್ದು, ಹಕ್ಕಾಗಿ ಕೇಳುವಂತಿಲ್ಲವೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನೆಯ ಬೆಲೆ ಸಾಲಕ್ಕಿಂತ ಹೆಚ್ಚಿರುವಾಗ ಬ್ಯಾಂಕು ದೊಡ್ಡ ರಿಯಾಯಿತಿಗೆ ಒಪ್ಪುವುದೂ ಇಲ್ಲ. ಒಪ್ಪಿದರೂ ನಿಮ್ಮ ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಎಂಬ ಗುರುತು ಉಳಿದು ಮುಂದಿನ ಸಾಲಕ್ಕೆ ಅಡ್ಡಿಯಾಗುತ್ತದೆ. ನಿಮ್ಮ ಸ್ಥಿತಿಗೆ ಅದು ಹೊಂದುವ ದಾರಿಯಲ್ಲ.

ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ನೆರೆಹೊರೆಯವರ ಮುಂದೆ ಅವಮಾನಿಸುವಂತಿಲ್ಲ. ಮಾಡಿದರೆ ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು, ಮಾಹಿತಿಗೆ 14448. ತಪ್ಪು ಲೆಕ್ಕ, ತಪ್ಪು ಶುಲ್ಕಗಳಿಗೂ ಇದೇ ದಾರಿ. ಆದರೆ ಓಂಬುಡ್ಸ್‌ಮನ್ ದೂರಿನಿಂದ 60 ಅಥವಾ 45 ದಿನಗಳ ಎಣಿಕೆ ನಿಲ್ಲುವುದಿಲ್ಲ. 2025ರಲ್ಲಿ ನಮ್ಮ ರಾಜ್ಯ ತಂದ ಕಿರುಸಾಲ ಕಿರುಕುಳ ತಡೆ ಕಾನೂನು ನಿಮ್ಮನ್ನು ಕಾಯುತ್ತದೆಯೇ ಎಂದು ಹಲವರು ಕೇಳುತ್ತಾರೆ. ಅದು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಗಳಿಗೆ ಅನ್ವಯಿಸುವುದಿಲ್ಲ. ಅಡಮಾನವಾಗಿರುವುದು ಕೃಷಿ ಭೂಮಿಯಾದರೆ ಸರ್ಫೇಸಿಯೇ ಅನ್ವಯಿಸದು, ಆದರೆ ನಿಮ್ಮದು ವಾಸದ ಮನೆ.

ಕೊನೆಯದಾಗಿ, ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಸೆಕ್ಷನ್ನಿನಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ಮತ್ತು ನೀವು ಈ ಸಾಲದ ಸಹಸಾಲಗಾರರು. ಆದ್ದರಿಂದ ಅರ್ಜಿ ನಿಮ್ಮ ಹೆಸರಿನಲ್ಲೇ ಇರಲಿ. ತುಮಕೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಈ ವಾರವೇ ಹೋಗಿ, ಸಹಾಯವಾಣಿ 15100. ಬ್ಯಾಂಕು ಒಪ್ಪಿದರೆ ಅವರೇ ಲೋಕ ಅದಾಲತ್ತಿನಲ್ಲಿ ರಾಜಿಗೂ ಕೂರಿಸುತ್ತಾರೆ. ಹೋಗುವಾಗ ನೋಟಿಸು, ಸಾಲದ ಒಪ್ಪಂದ, ಖಾತೆಯ ವಿವರಪಟ್ಟಿ, ಪತಿಯ ಕೊನೆಯ ವೇತನ ಚೀಟಿ ಇವುಗಳ ಜೊತೆಗೆ ನೋಟಿಸು ಬಂದ ಲಕೋಟೆಯನ್ನೂ ಒಯ್ಯಿರಿ, ಎಸೆದಿಲ್ಲವೆಂದು ಆಶಿಸುತ್ತೇನೆ. ಗಡುವನ್ನು ನೋಟಿಸಿನ ಮೇಲಿನ ದಿನಾಂಕದಿಂದಲೇ ಎಣಿಸಿ. ಅದು ನಿಮ್ಮ ಕೈಸೇರಿದ್ದು ಎಂದು ಎಂಬ ಪ್ರಶ್ನೆ ಮುಂದೆ ಡಿಆರ್‌ಟಿಯಲ್ಲಿ ಎದ್ದರೆ, ಆ ಲಕೋಟೆಯ ಮೇಲಿನ ಅಂಚೆ ಮುದ್ರೆಯೇ ಸಾಕ್ಷಿ.